ಪ್ರಾರ್ಥನೆಗೆ ಇಟ್ಟ ಹೆಸರು

೫ ಮಾರ್ಚ್ ೨೦೨೫, ಬುಧವಾರ

ಇವತ್ತಿನಿಂದ ಲೆಂಟ್, ಈಸ್ಟರಿಗೆ ಮುಂಚಿನ ನಲವತ್ತು ದಿನದ ಉಪವಾಸಕಾಲ, ಶುರು. ಸಂಜೆಯ ಪ್ರಸಂಗದಲ್ಲಿ ಪಾಸ್ಟರ್ ಒಂದು ಹೊಸ ಕೆಲಸ ಹಚ್ಚಿದರು. ಈಸ್ಟರ್ ಬರುವತನಕ ನಾವೆಲ್ಲ ದಿನಾ ಸಂಜೆ ಕೂತು, ಇವತ್ತು ಯಾರನ್ನು ಕನಿಕರದಿಂದ ನೋಡಿದೆವು ಎಂದು ಬರೆಯಬೇಕಂತೆ. "ಯಾರಿಗೂ ತೋರ್ಸೂದು ಬ್ಯಾಡ. ಕರ್ತನು ಮಂದಿನ್ನ ನೋಡಿ ಕನಿಕರಪಟ್ಟ. ನಾವು ಮಂದಿನ್ನ ನೋಡೂದ ಬಿಟ್ಟೇವಿ," ಅಂದರು. ಪ್ರಸಂಗ ಎಂದಿನಂತೆ ಒಂಬತ್ತು ಗಜದ ಸೀರೆಯಷ್ಟು ಉದ್ದ. ಆದರೆ ಈ ಮಾತು ಮಾತ್ರ ನನಗೆ ಹಿಡಿಸಿತು.

ನನಗೇನು ಇದು ಕಷ್ಟದ ಕೆಲಸವಲ್ಲ. ಪಾಲಬಾವಿಯಲ್ಲಿ ನನ್ನಷ್ಟು ಮಂದಿಯನ್ನು ನೋಡುವವರು ಯಾರಿದ್ದಾರೆ? ಮುಂದಿನ ಕೋಣೆಯಲ್ಲಿ ಮಷಿನ್ ಇಟ್ಟುಕೊಂಡು ಊರ ಹೆಂಗಸರ ಜಂಪರ್ ಹೊಲಿಯುತ್ತಲೇ ತಲೆ ನೆರೆಯಿತು. ಟೇಪು ಹಿಡಿದು ನಿಂತರೆ ಸಾಕು, ಅಳತೆಯ ಜೊತೆ ಅತ್ತೆಯ ಕಥೆ, ಗಂಡನ ಕಥೆ ಎಲ್ಲ ಕೊಟ್ಟು ಹೋಗುತ್ತಾರೆ.

ಇವತ್ತಿನ ಕನಿಕರ ಬರೆಯುತ್ತೇನೆ. ಪಾಸ್ಟರ್ ಹೆಂಡತಿ, ಯಾಕೆಂದರೆ ಆ ಪ್ರಸಂಗವನ್ನು ಅವಳು ಮನೆಯಲ್ಲೂ ಕೇಳಬೇಕು. ಬಸ್‌ಸ್ಟ್ಯಾಂಡಿನ ಬಾಳೆಹಣ್ಣಿನ ಮುದುಕಿ. ಆಮೇಲೆ ಎದುರು ಮನೆಯ ತಾರವ್ವ. ಅವಳ ಗಂಡ ಭೀಮಸಿ ಕುರಿ ಹಿಂಡು ಹೊಡೆದುಕೊಂಡು ಹೋದನೆಂದರೆ ತಿಂಗಳುಗಟ್ಟಲೆ ಮನೆಯ ಮುಖ ನೋಡುವುದಿಲ್ಲ. ಮನೆಯಲ್ಲಿ ತಾಯಿ ಮತ್ತು ಮಗಳು ಉಜ್ವಲಾ ಇಬ್ಬರೇ. ತಾರವ್ವ ಒಳ್ಳೆಯ ಹೆಂಗಸು, ಆದರೆ ಪಾಪ, ಅವಳಿಗಾಗಿ ಪ್ರಾರ್ಥಿಸುವವರು ಯಾರೂ ಇಲ್ಲ.

೮ ಮಾರ್ಚ್, ಶನಿವಾರ

ಕಬ್ಬು ಕಡಿಯುವ ಗ್ಯಾಂಗಿನವರು ಹಂಗಾಮು ಮುಗಿಸಿ ಟ್ರ್ಯಾಕ್ಟರ್ ಏರಿ ಹೊರಟಿದ್ದರು. ಗಡಿಯಾಚೆಯ ಬೀಡ ಕಡೆಯವರು. ಓಡಿಹೋಗಿ ಹಳೆಯ ಜಂಪರ್‌ಗಳ ಒಂದು ಗಂಟು ಕೊಟ್ಟೆ. ಒಬ್ಬ ಹೆಂಗಸು ಅಲ್ಲೇ ಬಿಚ್ಚಿ ನೋಡಿ, ತನಗೆ ಬರುವ ಒಂದೆರಡು ಆರಿಸಿಕೊಂಡು ಉಳಿದದ್ದನ್ನು ನನ್ನ ಕೈಗೇ ಮರಳಿ ಕೊಟ್ಟಳು. "ಹೇ ನಕೋ, ಬಾಯಿ," ಇವು ಬೇಡ ಎಂದು ಮರಾಠಿಯಲ್ಲಿ ಅಂದಳು. ಇಲ್ಲದವರಿಗೂ ಆರಿಸುವ ಹಮ್ಮು ನೋಡು. ಕನಿಕರ ಬಂತು, ಸಿಟ್ಟೂ ಬಂತು. ಕನಿಕರ ಎಂದೇ ಬರೆದಿಡುತ್ತೇನೆ.

೧೧ ಮಾರ್ಚ್, ಮಂಗಳವಾರ

ತಾರವ್ವ ಮಗಳನ್ನು ಕರೆದುಕೊಂಡು ಮದುವೆಯ ಜಂಪರ್‌ಗಳ ಅಳತೆ ಕೊಡಲು ಬಂದಳು. ಐನಾಪುರದ ಹುಡುಗನ ಜೊತೆ ಸಾಖರಪುಡಾ ಆಗಿದೆ, ಸಕ್ಕರೆ ಹಂಚಿ ಸೀರೆ ಉಡಿಸಿ ಹೋಗಿದ್ದಾರೆ. ಮೇ ತಿಂಗಳಲ್ಲಿ ಅಕ್ಷತೆ. ಹುಡುಗನ ಹೆಸರು ಸುರಜ, ಡೇರಿಯ ಹಾಲಿನ ಗಾಡಿ ಓಡಿಸುತ್ತಾನೆ. ತಂದೆ ಇಲ್ಲ, ತಾಯಿ ಗಿರಿಜವ್ವ ಒಬ್ಬಳೇ ಕೂಲಿ ಮಾಡಿ ಬೆಳೆಸಿದ ಹುಡುಗ.

ತೋಳಿನ ಅಳತೆ ತೆಗೆಯಲು "ಕೈ ಎತ್ತ ತಂಗಿ" ಅಂದೆ. ಎತ್ತಿದ ಕೈ ಹಾಗೇ ನಿಂತಿತು. ಕಣ್ಣು ನನ್ನನ್ನು ದಾಟಿ ಎಲ್ಲೋ ನೋಡಿತು. ಮರುಕ್ಷಣ ನನ್ನ ಕಾಲ ಬುಡದಲ್ಲಿ ಧೊಪ್ಪೆಂದು ಬಿದ್ದಳು. ಕೈಕಾಲು ಸೆಟೆದು ಬಡಿಯತೊಡಗಿದವು. ತಾರವ್ವ ಸೆರಗಿನಿಂದ ಮನೆಯ ಕೀಲಿ ಬಿಚ್ಚಿ ಮಗಳ ಮುಷ್ಟಿಯಲ್ಲಿ ಒತ್ತಿ ಹಿಡಿದಳು. ನಾನು ಮಗ್ಗುಲಾಗಿ ಹೊರಳಿಸಿದೆ. ಸ್ವಲ್ಪ ಹೊತ್ತಿಗೆ ಎಲ್ಲ ನಿಂತಿತು. ಎಚ್ಚರವಾದ ಮೇಲೆ ಹುಡುಗಿ ಮೊದಲು ನೋಡಿಕೊಂಡದ್ದು ತನ್ನ ಬಟ್ಟೆ. ಒದ್ದೆಯಾಗಿತ್ತು.

ನಾನು ಅವಳ ತಲೆಯ ಮೇಲೆ ಕೈಯಿಟ್ಟು ಗಟ್ಟಿಯಾಗಿ ಪ್ರಾರ್ಥನೆ ಮಾಡಿದೆ. ಹುಡುಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಾನು ಆಮೆನ್ ಅನ್ನುವತನಕ ಅಲುಗಲಿಲ್ಲ, ಅಷ್ಟು ಭಕ್ತಿಯಿಂದ ಕೇಳಿದಳು.

"ಶಾಳ್ಯಾಗಿದ್ದಾಗಿಂದ ಐತ್ರಿ ಅಕ್ಕಾರ," ಅಂದಳು ತಾರವ್ವ. "ಮಿರಜದ ಡಾಕ್ಟರ್ ಗುಳಿಗಿ ಕೊಟ್ಟಾರ, ಭಾಳ ಕಡಿಮಿ ಆಗೇತಿ. ಮದುವಿ ಗದ್ದಲದಾಗ ನಿದ್ದಿ ಇಲ್ಲ ನೋಡ್ರಿ, ಅದಕ್ಕ ಬಂತು. ಯಾರ ಮುಂದೂ ಅನಬ್ಯಾಡ್ರಿ." ನನ್ನ ಎರಡೂ ಕೈ ಹಿಡಿದುಕೊಂಡಿದ್ದಳು.

"ಯಾರ ಮುಂದ ಅನ್ಲಿ ತಾರವ್ವ? ನಿನ್ನ ಮಗಳು ಬ್ಯಾರೆ, ನನ್ನ ಮಗಳು ಬ್ಯಾರೆ ಏನು?" ಅಂದೆ. ಆಣೆ ಇಡುವುದು ನಮ್ಮಲ್ಲಿ ಇಲ್ಲ, ಆದರೆ ಮಾತು ಕೊಟ್ಟೆ.

ಇವತ್ತು ಬೇರೆ ಯಾರ ಹೆಸರೂ ಬರೆಯಬೇಕಿಲ್ಲ. ಕನಿಕರ ಅಂದರೆ ಏನೆಂದು ಇವತ್ತು ಗೊತ್ತಾಯಿತು.

೧೪ ಮಾರ್ಚ್, ಶುಕ್ರವಾರ

ಸ್ತ್ರೀಯರ ಉಪವಾಸ ಪ್ರಾರ್ಥನೆ ಕೋಮಲಳ ಮನೆಯಲ್ಲಿತ್ತು. ಕೋಮಲ ನಮ್ಮ ಸಂಘದ ಕಾರ್ಯದರ್ಶಿ, ಚುರುಕು ಹೆಂಗಸು. ಹಾಡು ಎತ್ತುವುದರಿಂದ ಹಿಡಿದು ಕೊನೆಗೆ ಚಹಾ ಸೋಸುವತನಕ ಎಲ್ಲ ಅವಳೇ. ಹಾಡು ಮುಗಿದ ಮೇಲೆ ಪದ್ಧತಿಯಂತೆ, "ಪ್ರಾರ್ಥನಾ ವಿಷಯ ಏನರ ಅದಾವೇನ್ರಿ?" ಎಂದು ಕೇಳಿದಳು. ಒಬ್ಬಳಿಗೆ ಮೊಣಕಾಲು ನೋವು, ಒಬ್ಬಳ ಮಗನಿಗೆ ಪರೀಕ್ಷೆ, ಒಬ್ಬಳ ಎಮ್ಮೆ ಗಬ್ಬ ನಿಲ್ಲುತ್ತಿಲ್ಲ. ನನ್ನ ಸರದಿ ಬಂದಾಗ ಉಜ್ವಲಾಳ ಮುಖ ಕಣ್ಣ ಮುಂದೆ ಬಂತು.

ತಾರವ್ವನಿಗೆ ಕೊಟ್ಟ ಮಾತು ನೆನಪಿತ್ತು, ಇರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಇದು ಚಾಡಿಯಲ್ಲ, ಪ್ರಾರ್ಥನೆ. ದೇವರ ಮುಂದೆ ಹೇಳಿದ್ದು ಮಂದಿಯ ಮುಂದೆ ಹೇಳಿದ ಹಾಗಲ್ಲ. ನಾನೊಬ್ಬಳೇ ಕೇಳುವುದಕ್ಕಿಂತ ಹತ್ತು ಮಂದಿ ಕೂಡಿ ಕೇಳಿದರೆ ಬಲ ಹೆಚ್ಚು. ಹೇಳಿದೆ. ಯಾರ ಮಗಳು, ಏನು ರೋಗ, ಯಾವ ಊರಿಗೆ ಕೊಡುತ್ತಾರೆ, ಎಲ್ಲ ಹೇಳಿದೆ. ವಿಷಯವೇ ಮುಸುಕು ಮುಸುಕಾಗಿದ್ದರೆ ಪ್ರಾರ್ಥನೆ ಎಲ್ಲಿಗೆ ಮುಟ್ಟೀತು? ಹೆಂಗಸರೆಲ್ಲ ಕಣ್ಣೀರು ಹಾಕಿದರು. ನಾನೂ ಅತ್ತೆ.

ಕೋಮಲ ಕೂತಲ್ಲೇ ಅದನ್ನು ಫೋನಿನಲ್ಲಿ ಬರೆದು ನಮ್ಮ ಪ್ರಾರ್ಥನಾ ಗ್ರೂಪಿಗೆ ಹಾಕಿದಳು. ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡ, ಎಲ್ಲ ಕಡೆಯ ಸಂಘದ ಹೆಂಗಸರು ಅದರಲ್ಲಿದ್ದಾರೆ. ನಾನು ಮನೆಗೆ ಬರುವಷ್ಟರಲ್ಲಿ ಆಮೆನ್ ಮೇಲೆ ಆಮೆನ್ ಬಂದಿತ್ತು. ಮುಖ ನೋಡದ ಹುಡುಗಿಗಾಗಿ ಮುಖ ನೋಡದ ಹೆಂಗಸರು ಕೈ ಜೋಡಿಸಿದ್ದಾರೆ. ನಾನೂ ಒಂದು ಆಮೆನ್ ಹಾಕಿದೆ. ಲೆಂಟ್ ಶುರುವಾದ ಮೇಲೆ ಮನಸ್ಸು ಇಷ್ಟು ಹಗುರಾದದ್ದು ಇವತ್ತೇ.

೨೨ ಮಾರ್ಚ್, ಶನಿವಾರ

ಉಜ್ವಲಾ ಒಬ್ಬಳೇ ಬಂದಿದ್ದಳು, ಕಚ್ಚಾ ಹೊಲಿಗೆ ಹಾಕಿದ ಜಂಪರ್ ತೊಟ್ಟು ನೋಡಲು. ಮುಖದಲ್ಲಿ ಕಳೆ ಬಂದಿದೆ. ನಡುವೆ ಫೋನು ಬಂತು, ಅಂಗಳಕ್ಕೆ ಹೋಗಿ ಮಾತಾಡಿ ನಗುತ್ತ ಬಂದಳು.

"ಏನಂತಾನ ನಿನ್ನ ಹಾಲಿನಾಂವ?"

"ಬಿಸಲಿಗೆ ಹಾಲ ಒಡೀತಂತ್ರಿ ಮಾವಶಿ."

"ಹಾಲ ಒಡದ್ರ ಇಷ್ಟ ನಗೂದೇನ?" ಅಂದೆ. ಕೆಂಪಗಾದಳು.

ಆಮೇಲೆ ಸ್ವಲ್ಪ ತಡೆದು, "ಮಾವಶಿ, ಅವತ್ತ ಆತಲ್ರಿ, ಆ ವಿಚಾರ ಸುರಜಗ…" ಎಂದು ಶುರುಮಾಡಿದಳು. ನಾನು ಅವಳನ್ನು ಅಂಜಲು ಬಿಡಲಿಲ್ಲ. "ಅದರ ಚಿಂತಿ ನಿನಗ್ಯಾಕ? ನಾ ಅದನ್ನ ದೇವರ ಕೈಯಾಗ ಕೊಟ್ಟೇನಿ," ಎಂದು ನಂಬಿಕೆಯ ವಿಷಯ ನಾಲ್ಕು ಮಾತು ಹೇಳಿದೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ತಡೆದು ತಡೆದು ಹೇಳಿದ್ದರಿಂದ ಸ್ವಲ್ಪ ಉದ್ದವೇ ಆಯಿತು. ಅವಳು ತಲೆಯಾಡಿಸಿ ಜಂಪರ್ ಬಿಚ್ಚಿಕೊಟ್ಟಳು. ಮಾತು ಕೇಳುವ ಹುಡುಗಿ.

೩೧ ಮಾರ್ಚ್, ಸೋಮವಾರ

ನಿನ್ನೆ ಯುಗಾದಿ. ತಾರವ್ವನ ಮನೆಯಿಂದ ಹೋಳಿಗೆ ಬಂದಿತ್ತು. ಇವತ್ತು ಮಧ್ಯಾಹ್ನ ಗಿರಿಜವ್ವ ತನ್ನ ಅಣ್ಣನನ್ನು ಕರೆದುಕೊಂಡು ಐನಾಪುರದಿಂದ ಬಂದಳು. ಒಳಗೆ ಹೋಗಲಿಲ್ಲ. ಅಂಗಳದಲ್ಲೇ ನಿಂತು ಮಾತಾಡಿದಳು. ದಾರಿಯ ಆಚೆ ಮಷಿನ್ ಮುಂದೆ ಕೂತ ನನಗೆ ಒಂದೊಂದು ಮಾತೂ ಕೇಳಿಸಿತು.

"ನಮ್ಮ ಓಣ್ಯಾಗಿನಾಕಿ ಮನಿಗೆ ಬಂದು, 'ಗಿರಿಜವ್ವ, ನಿಮ್ಮ ಸೊಸಿ ಸಲುವಾಗಿ ನಾವೆಲ್ಲಾ ಪ್ರಾರ್ಥನಾ ಮಾಡಾಕತ್ತೇವಿ, ಚಿಂತಿ ಮಾಡಬ್ಯಾಡ್ರಿ' ಅಂತಾಳ. ಯಾವ ಚಿಂತಿ ಅಂತ ನಾ ಆಕಿನ್ನ ಕೇಳಬೇಕಾತು. ಪಾಲಬಾವಿಗೆ ಗೊತ್ತೈತಿ, ಅಥಣಿಗೆ ಗೊತ್ತೈತಿ, ನಿಪ್ಪಾಣಿಗೆ ಗೊತ್ತೈತಿ. ಗೊತ್ತಿಲ್ಲದಾಕಿ ಹುಡುಗನ ಅವ್ವ ಒಬ್ಬಾಕಿನ. ಈ ಸಂಬಂಧ ನಮಗ ಬ್ಯಾಡ್ರಿ."

ತಾರವ್ವ ಏನೋ ಹೇಳಲು ಹೋದಳು, ಕೇಳಿಸಲಿಲ್ಲ. ಕುಡಿಯಲು ಕೊಟ್ಟ ನೀರನ್ನು ಅವರು ಮುಟ್ಟಲಿಲ್ಲ. ಬಂದ ಜೀಪಿನಲ್ಲೇ ಹೊರಟುಹೋದರು. ತಾರವ್ವ ತಂಬಿಗೆ ಹಿಡಿದು ನಿಂತೇ ಇದ್ದಳು. ಆಮೇಲೆ ತಿರುಗಿ ನನ್ನ ಬಾಗಿಲ ಕಡೆ ನೋಡಿದಳು.

ನಾನು ತಲೆ ತಗ್ಗಿಸಿ ಮಷಿನ್ ತುಳಿದೆ. ಸೂಜಿಯಲ್ಲಿ ದಾರ ಇರಲಿಲ್ಲ.

೧ ಏಪ್ರಿಲ್, ಮಂಗಳವಾರ

ಇವರು ಕಾರ್ಖಾನೆಯಿಂದ ಬಂದ ಮೇಲೆ ಎಲ್ಲ ಹೇಳಿದೆ. ನನ್ನ ಗಂಡನದು ಮಾತು ಕಡಿಮೆ, ಆದರೆ ಆಡಿದರೆ ತೂಗಿ ಆಡುತ್ತಾರೆ. "ನೀ ಸುಳ್ಳ ಹೇಳಿಲ್ಲಲ್ಲ. ಹುಡುಗನ ಮನಿಯವ್ರಿಗೆ ಮುಚ್ಚಿಟ್ಟು ಮದುವಿ ಮಾಡೂದು ಚಲೋ ಏನ?" ಅಂದರು.

ಅದೇ ಸರಿ. ರೋಗ ಮುಚ್ಚಿಟ್ಟು ಮದುವೆ ಮಾಡುವುದು ಮೋಸ. ಮದುವೆಯಾದ ಮೇಲೆ ತಿಳಿದಿದ್ದರೆ ಹುಡುಗಿಯನ್ನು ತವರಿಗೆ ಅಟ್ಟುತ್ತಿದ್ದರು. ಈಗಲೇ ತಿಳಿದದ್ದು ದೇವರ ಚಿತ್ತವೇ ಇರಬೇಕು. ಕೋಮಲಳೂ ಅದನ್ನೇ ಅಂದಳು. ಪಾಸ್ಟರ್ ಹೆಂಡತಿಯೂ ಅದನ್ನೇ ಅಂದಳು. ನಮ್ಮ ಗ್ರೂಪಿನ ಐನಾಪುರದ ಆ ಹೆಂಗಸಂತೂ ಅಯ್ಯೋ ಪಾಪ ಎಂದು ಸಮಾಧಾನ ಹೇಳಲು ಹೋದವಳು, ಕೆಟ್ಟದ್ದು ಮಾಡಲು ಹೋದವಳಲ್ಲ. ನಾನೂ ಒಳ್ಳೆಯದಕ್ಕೇ ಹೇಳಿದೆ, ಕೋಮಲ ಒಳ್ಳೆಯದಕ್ಕೇ ಬರೆದಳು. ಇಷ್ಟು ಜನರಲ್ಲಿ ಕೆಟ್ಟವರು ಯಾರೆಂದು ಹುಡುಕ ಹೋದರೆ ಒಬ್ಬರೂ ಸಿಗುವುದಿಲ್ಲ. ಎಲ್ಲರೂ ನನ್ನ ಕಡೆಗೇ ಇದ್ದಾರೆ. ಆದರೂ ಇವತ್ತು ರೊಟ್ಟಿ ತಾಟಿನಲ್ಲೇ ಉಳಿಯಿತು. ಬಿಸಿಲಿಗೆ ಇರಬೇಕು.

೪ ಏಪ್ರಿಲ್, ಶುಕ್ರವಾರ

ಉಪವಾಸ ಪ್ರಾರ್ಥನೆಗೆ ಹೋಗಲಿಲ್ಲ. ತಲೆನೋವು ಎಂದು ಹೇಳಿ ಕಳಿಸಿದೆ. ಈಗ ಅವರೆಲ್ಲ ಕೂತು ನನ್ನ ತಲೆನೋವಿಗಾಗಿ ಪ್ರಾರ್ಥಿಸುತ್ತಿರಬೇಕು.

ಇವತ್ತು ಯಾರ ಮೇಲೂ ಕನಿಕರ ಬರಲಿಲ್ಲ.

೬ ಏಪ್ರಿಲ್, ಭಾನುವಾರ

ಆರಾಧನೆ ಮುಗಿಸಿಕೊಂಡು, ಧೈರ್ಯ ಮಾಡಿ ತಾರವ್ವನ ಮನೆಗೆ ಹೋದೆ. "ಬರ್ರಿ ಅಕ್ಕಾರ," ಎಂದು ಚಾಪೆ ಹಾಸಿದಳು. ಇಷ್ಟು ವರ್ಷದಲ್ಲಿ ಅವಳು ನನಗೆ ಚಾಪೆ ಹಾಸಿದ್ದು ಇದೇ ಮೊದಲು. ನಾನು ಯಾವಾಗಲೂ ಒಲೆಯ ಮುಂದೆ ನೆಲದ ಮೇಲೆಯೇ ಕೂಡುತ್ತಿದ್ದವಳು. ಬೀಗರಿಗೆ ಮಾಡುವಂತೆ ಚಹಾ ಮಾಡಿ ಬಸಿಯ ಮೇಲೆ ಕಪ್ಪು ಇಟ್ಟು ಕೊಟ್ಟಳು.

"ನಾ ಒಳ್ಳೇದಕ್ಕ ಮಾಡಿದ್ನಿ ತಾರವ್ವ."

"ಹೌದ್ರಿ. ಒಳ್ಳೇದಕ್ಕ ಮಾಡೀರಿ."

ಬೈದಿದ್ದರೆ ಚೆನ್ನಾಗಿತ್ತು. ಬೈಯದೆ ಇದ್ದುದರಿಂದ ನನಗೇ ಬಾಯಿ ತುರಿಸಿತು. ಮನೆಯಲ್ಲಿ ಇವರು ಹೇಳಿದ ಮಾತನ್ನು ಆಡಿಬಿಟ್ಟೆ. "ಆದ್ರ ನೋಡು, ಮುಚ್ಚಿಟ್ಟು ಮದುವಿ ಮಾಡೂದು ಚಲೋ ಅಲ್ಲ."

ಹಿತ್ತಲಲ್ಲಿ ಆಡಿಗೆ ಸೊಪ್ಪು ಹಾಕುತ್ತಿದ್ದ ಉಜ್ವಲಾ ಬಾಗಿಲಿಗೆ ಬಂದು ನಿಂತಳು.

"ಯಾರು ಮುಚ್ಚಿಟ್ಟಾರ್ರಿ ಮಾವಶಿ? ಸಾಖರಪುಡಾ ಆಗೂ ಮೊದಲ ಸುರಜಗ ನಾ ಹೇಳೇನಿ. ಅಂವ ಹ್ಞೂಂ ಅಂದಾನ. 'ನಮ್ಮ ಅವ್ವಗ ನಾನ ಹೇಳ್ತೇನಿ, ಆಕಿ ಮಂದಿ ಬಾಯಿಂದ ಕೇಳಿದ್ರ ಸೈರಿಸಾಂಗಿಲ್ಲ, ಹಬ್ಬಾ ಮುಗಿಸಿ ಹದಾ ನೋಡಿ ಹೇಳ್ತೇನಿ' ಅಂದಿದ್ದ. ಅಷ್ಟರಾಗ ಆಕಿ ಮಂದಿ ಬಾಯಿಂದನ ಕೇಳಿದ್ಲು."

ಚಹಾದ ಕಪ್ಪು ನನ್ನ ಕೈಯಲ್ಲೇ ಇತ್ತು.

"ಅವತ್ತ ಜಂಪರ್ ನೋಡಾಕ ಬಂದಾಗ ಇದನ್ನ ನಿಮಗ ಹೇಳಬೇಕಂತ ಮಾಡಿದ್ನಿ. ನೀವು ನಂಬಿಕಿ ವಿಷಯ ಹೇಳಾಕತ್ತಿದ್ರಿ."

ಸಿಟ್ಟಿನಿಂದ ಹೇಳಲಿಲ್ಲ. ದಣಿದವರ ಹಾಗೆ ಹೇಳಿದಳು. ಆಮೇಲೆ ಒಂದು ಪ್ರಶ್ನೆ ಕೇಳಿದಳು. ನಿಜವಾಗಿ ತಿಳಿಯಬೇಕು ಎಂದೇ ಕೇಳಿದಳು.

"ನಿಮ್ಮ ದೇವರಿಗೆ ಬೇಡ್ಕೊಳ್ಳೂ ಮುಂದ ನನ್ನ ಹೆಸರ, ನಮ್ಮಪ್ಪನ ಹೆಸರ, ಕೊಡೂ ಊರ ಎಲ್ಲಾ ಯಾಕ ಹೇಳಿದ್ರಿ? ಒಂದ ಹುಡುಗಿ ಅಂದಿದ್ರ ದೇವರಿಗೆ ನಾ ಯಾರಂತ ತಿಳೀತಿರಲಿಲ್ಲೇನು?"

ಸಂಡೇಸ್ಕೂಲಿನಲ್ಲಿ ಎಂಥೆಂಥ ಪ್ರಶ್ನೆಗೆ ಉತ್ತರ ಕೊಟ್ಟವಳು ನಾನು. ಚಹಾಕ್ಕೆ ಕೆನೆ ಕಟ್ಟಿತು. ಕುಡಿಯದೆ ಇಟ್ಟು ಬಂದರೆ ಅವರಿಗೆ ಅವಮಾನ, ಅದಕ್ಕೆ ಒಂದೇ ಗುಟುಕಿಗೆ ಕುಡಿದು ಎದ್ದು ಬಂದೆ. ತಪ್ಪಾಯಿತು ಎನ್ನುವ ಮಾತು ಆಡಬೇಕು ಎಂದು ಹೊಳೆದದ್ದು ದಾರಿ ದಾಟಿದ ಮೇಲೆ.

೧೦ ಏಪ್ರಿಲ್, ಗುರುವಾರ

ಇವರಿಗೂ ಹೇಳದೆ ಐನಾಪುರಕ್ಕೆ ಹೋಗಿ ಬಂದೆ. ರಾಯಬಾಗಕ್ಕೆ ಒಂದು ಬಸ್ಸು, ಕುಡಚಿಗೆ ಒಂದು, ಹೊಳೆ ದಾಟಲು ಮತ್ತೊಂದು. ಗಿರಿಜವ್ವ ಒಣದ್ರಾಕ್ಷಿಯ ಶೆಡ್ಡಿನಲ್ಲಿ ಕೆಲಸಕ್ಕಿದ್ದಾಳೆ. ಹೆಂಗಸರು ಸಾಲಾಗಿ ಕೂತು ದ್ರಾಕ್ಷಿಯ ತೊಟ್ಟು ಬಿಡಿಸುತ್ತಿದ್ದರು. ನಾನು ಯಾರೆಂದು ಹೇಳಿದೆ. ಕೈ ಒರೆಸಿಕೊಂಡು ಹೊರಗೆ ಬೇವಿನ ನೆರಳಿಗೆ ಬಂದಳು.

"ತಪ್ಪ ನಂದೈತ್ರಿ. ತಾರವ್ವಂದು ಅಲ್ಲ, ಹುಡುಗಿದೂ ಅಲ್ಲ," ಅಂದೆ. ಈ ಸಲ ಅದನ್ನೇ ಮೊದಲು ಅಂದೆ. "ಹುಡುಗಿ ಮೋಸಾ ಮಾಡಿಲ್ಲ. ನಿಮ್ಮ ಮಗಗ ಹೇಳ್ಯಾಳ."

"ಗೊತ್ತೈತ್ರಿ. ಮಗ ಹೇಳಿದ."

"ಮತ್ತ?"

ಗಿರಿಜವ್ವ ಸೆರಗಿಗೆ ಅಂಟಿದ ತೊಟ್ಟು ಕಿತ್ತು ಬಿಸಾಡಿದಳು. ಒಣಗಿದ ಹೆಂಗಸು, ಮುಖದಲ್ಲಿ ಕೆಟ್ಟತನ ಇಲ್ಲ. "ಅಂವ ಮೊದಲ ಬಂದು ಹೇಳಿದ್ರ ನಾ ಅಳತಿದ್ನಿ. ಅಂವನ್ನ ಬೈತಿದ್ನಿ. ಎರಡ ದಿನ ಉಣ್ಣದ ಕೂಡತಿದ್ನಿ. ಆಮ್ಯಾಲ ಒಪ್ಪತಿದ್ನೋ ಏನೋ, ಒಬ್ಬನ ಮಗ. ಈಗ ಶೆಡ್ಡಿನಾಗ ಎಲ್ಲಾರೂ ನನ್ನ ನೋಡಿ ಅಯ್ಯೋ ಗಿರಿಜವ್ವ ಅಂತಾರ. ಗಂಡ ಸತ್ತಾಗ ಅಂದಿದ್ರು, ಅದನ್ನ ದಾಟಿ ಬರಾಕ ನನ್ನ ಜಲ್ಮ ಹೋತು. ಬಡವ್ರಿರಬಹುದು, ಮಂದಿ ಅಯ್ಯೋ ಅನ್ನೂ ಹಂಗ ಇನ್ನೊಮ್ಮಿ ನಾ ಬಾಳೇ ಮಾಡಾಂಗಿಲ್ರಿ."

ಹುಡುಗ ಏನೆನ್ನುತ್ತಾನೆ ಎಂದು ಕೇಳಿದೆ.

"ನಾ ಬ್ಯಾಡ ಅಂದದ್ದನ್ನ ಅಂವ ದಾಟಾಂಗಿಲ್ಲ. ಆದ್ರ ನನ್ನ ಕೂಡ ಮಾತ ಬಿಟ್ಟಾನ. ಉಣ್ಣಾಕ ಬರ್ತಾನ, ಉಂಡು ಗಾಡಿ ತಗೊಂಡ ಹೋಗ್ತಾನ."

ಬಸ್ಸು ಹತ್ತುವಾಗ ಅವಳೇ ಬಂದು ಬಿಸಿಲಿದೆ ಎಂದು ನೀರಿನ ಬಾಟಲಿ ಕೊಟ್ಟಳು. ಅಯ್ಯೋ ಅನ್ನದೆ ನೀರನ್ನಷ್ಟೇ ಕೊಟ್ಟಳು. ಹೊಳೆಯ ಸೇತುವೆ ದಾಟುವತನಕ ಅಳುತ್ತಿದ್ದೆ. ಪಕ್ಕದ ಹೆಂಗಸು ಏನಾಯಿತೆಂದು ಕೇಳಲಿಲ್ಲ, ಕಿಟಕಿಯ ಕಡೆಗೆ ಸರಿದು ಜಾಗ ಮಾಡಿಕೊಟ್ಟಳು.

ಬೀಡ ಕಡೆಯ ಆ ಹೆಂಗಸಿಗೆ ಕೊಟ್ಟ ಜಂಪರ್‌ಗಳಲ್ಲಿ ಅರ್ಧ ಹರಿದವೇ ಇದ್ದವು. ಈಗ ಯಾಕೆ ನೆನಪಾಯಿತೋ.

೧೮ ಏಪ್ರಿಲ್, ಶುಭ ಶುಕ್ರವಾರ

ಮೂರು ತಾಸಿನ ಆರಾಧನೆ. ಪ್ರಸಂಗ ಉದ್ದವೆನಿಸಲಿಲ್ಲ, ಅಥವಾ ನಾನು ಕೇಳಲೇ ಇಲ್ಲ. ಹಿಂದಿನ ಸಾಲಿನಲ್ಲಿ ಕೂತು ಒಂದೇ ವಿಷಯ ಯೋಚಿಸುತ್ತಿದ್ದೆ. ಬೈಬಲ್ಲಿನಲ್ಲಿ, ಗುಂಪಿನಲ್ಲಿ ಹಿಂದಿನಿಂದ ಬಂದು ಕರ್ತನ ಅಂಗಿಯ ಅಂಚು ಮುಟ್ಟಿದ ರೋಗದ ಹೆಂಗಸಿಗೆ ಹೆಸರಿಲ್ಲ. ಬಾವಿಗೆ ನೀರಿಗೆ ಬಂದವಳಿಗೆ ಹೆಸರಿಲ್ಲ. ಹಾದರ ಮಾಡಿದಳೆಂದು ಗಂಡಸರು ಕಲ್ಲು ಹಿಡಿದು ಎಳೆತಂದವಳಿಗೂ ಇಲ್ಲ. ಬರೆದವರಿಗೆ ಗೊತ್ತಿರಲಿಲ್ಲ ಎಂದುಕೊಂಡಿದ್ದೆ ಇಷ್ಟು ದಿನ. ಗೊತ್ತಿದ್ದೂ ಬಿಟ್ಟಿರಬಹುದು. ಎಲ್ಲರೂ ಎಳೆತಂದ ಆ ಹೆಂಗಸನ್ನು ಕಣ್ಣು ಬಿಟ್ಟು ನೋಡುತ್ತಿದ್ದಾಗ ಕರ್ತನೊಬ್ಬನೇ ಬಗ್ಗಿ ನೆಲ ನೋಡಿದ. ಈ ಕಥೆಯನ್ನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ, ಅವನು ನೆಲ ನೋಡಿದ್ದನ್ನು ನಾನು ನೋಡಿರಲಿಲ್ಲ.

ಆರಾಧನೆಯ ನಂತರ ಹೆಂಗಸರು ಕೂಡಿದಾಗ ಕೋಮಲ ಎಂದಿನಂತೆ ಕೇಳಿದಳು. "ಎಸ್ತರಕ್ಕ, ನಿಮ್ಮದು ಏನರ ವಿಷಯ ಐತೇನ್ರಿ?"

"ಐತಿ."

"ಏನ್ರಿ?"

"ಹೇಳಾಂಗಿಲ್ಲ."

"ಮತ್ತ ಪ್ರಾರ್ಥನಾ ಹೆಂಗ ಮಾಡೂದು?"

"ಸುಮ್ಮ ಕೂಡೂಣು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊರಡುವಾಗ ಕೋಮಲ ಗೇಟಿನ ಹತ್ತಿರ ಬಂದು, "ಗ್ರೂಪಿಗೆ ಬರದ ಹಾಕಿದಾಕಿ ನಾನ ಅದೀನಲ್ರಿ ಅಕ್ಕ," ಎಂದು ಕಣ್ಣು ಒರೆಸಿಕೊಂಡಳು. ಗ್ರೂಪಿನಿಂದ ಆ ಮೆಸೇಜು ಅಳಿಸಲು ನೋಡಿದಳಂತೆ, ಆಗಲಿಲ್ಲ. ಅವಳ ಕೈ ಹಿಡಿದುಕೊಂಡು ನಿಂತೆ.

೨೦ ಏಪ್ರಿಲ್, ಭಾನುವಾರ

ಈಸ್ಟರ್. ಪಾಸ್ಟರ್ ಯಾರು ಯಾರು ದಿನಾ ಬರೆದಿರಿ, ಕೈ ಎತ್ತಿರಿ ಅಂದರು. ನಾನು ಎತ್ತಲಿಲ್ಲ. ಬರೆಯುವ ಕೆಲಸ ಇಲ್ಲಿಗೆ ಮುಗಿಯಿತು.

೩ ಮೇ, ಶನಿವಾರ

ಮುಗಿಯಿತು ಎಂದು ಬರೆದಿದ್ದೆ. ಇವತ್ತಿನದನ್ನು ಬರೆಯದೆ ಇರಲಾರೆ.

ಬೆಳಗ್ಗೆ ಬೇಡಕಿಹಾಳದಿಂದ ಹಾಲಸಿದ್ದ ಎನ್ನುವ ಹಿರಿಯರೊಬ್ಬರು ಬಂದರು. ತಮ್ಮನ ಮಗನಿಗೆ ಹೆಣ್ಣು ನೋಡುತ್ತಿದ್ದಾರೆ. ಉಜ್ವಲಾಳ ಹೆಸರು ಯಾರೋ ಹೇಳಿದ್ದಾರೆ. ಹೆಣ್ಣಿನ ಮನೆಗೆ ಹೋಗುವ ಮೊದಲು ಓಣಿಯಲ್ಲಿ ನಾಲ್ಕು ಜನರನ್ನು ಕೇಳಿ ಚೌಕಶಿ ಮಾಡುವುದು ಈ ಕಡೆಯ ರೂಢಿ. ಸೀದಾ ನನ್ನ ಮನೆಗೇ ಬಂದಿದ್ದರು.

"ನೀವು ಚರ್ಚಿನ ಮಂದಿ, ಸುಳ್ಳ ಹೇಳಾಂಗಿಲ್ಲಂತ ಕೇಳೇನ್ರಿ. ಹುಡುಗಿ ಹೆಂಗ?"

"ಹುಡುಗಿ ಭಾಳ ಚಲೋ ಅದಾಳ್ರಿ."

"ಅದನ್ನ ಎಲ್ಲಾರೂ ಅಂತಾರ. ಮತ್ತೇನರ ಐತೇನು?"

"ಏನರ ಐತೋ ಇಲ್ಲೋ, ಆಕಿನ್ನ ಕೇಳ್ರಿ. ಆಕಿ ನಿಮಗ ಸುಳ್ಳ ಹೇಳಾಂಗಿಲ್ಲ."

ಅವರು ನನ್ನನ್ನು ನೋಡಿದರು. "ಅಂದ್ರ ಐತಿ," ಅಂದರು.

ಇಲ್ಲ ಎಂದರೆ ಸುಳ್ಳು, ಐತಿ ಎಂದರೆ ಮತ್ತೆ ಅದೇ ತಪ್ಪು, ಅವಳನ್ನೇ ಕೇಳಿ ಎಂದರೂ ಹೇಳಿದ ಹಾಗೆಯೇ ಆಯಿತು. ಅವರು ಎದ್ದು ಚಪ್ಪಲಿ ಹುಡುಕತೊಡಗಿದರು. "ಕೈ ಮುಗೀತೇನಿ, ಒಂದೀಟ ಕೂಡ್ರಿ," ಎಂದು ದಾರಿ ದಾಟಿ ಓಡಿದೆ. ಉಜ್ವಲಾ ರೊಟ್ಟಿ ಬಡಿಯುತ್ತಿದ್ದಳು. ಯಾರು ಬಂದಿದ್ದಾರೆ, ಏನು ಕೇಳಿದರು, ನಾನು ಏನು ಹೇಳಿದೆ, ಎಲ್ಲ ಹೇಳಿದೆ. "ಬರಾಕ ಮನಸ್ಸಿಲ್ಲಂದ್ರ ಬರಬ್ಯಾಡ ತಂಗಿ." ತಾರವ್ವ ಮಗಳ ಮುಖ ನೋಡಿದಳು. ಹುಡುಗಿ ಕೈ ತೊಳೆದುಕೊಂಡು ನನ್ನ ಹಿಂದೆ ಬಂದಳು.

ನಾನು ಒಳಗೆ ಹೋಗಿ ಕೂತೆ. ಸಣ್ಣ ಮನೆ, ಕಿವಿ ಮುಚ್ಚಿಕೊಂಡರೂ ಕೇಳಿಸುತ್ತದೆ. ಯಾವಾಗಿನಿಂದ ಬಂತು, ಯಾವ ಗುಳಿಗೆ ನುಂಗುತ್ತಾಳೆ, ಕೊನೆಗೆ ಬಂದದ್ದು ಯಾವಾಗ, ಎಲ್ಲವನ್ನೂ ಅವಳು ತಡವರಿಸದೆ ಹೇಳಿದಳು. ಹಿರಿಯರು ಮಧ್ಯೆ ಮಧ್ಯೆ ಕೇಳಿದರು. ಮಕ್ಕಳಿಗೂ ಬರುತ್ತದೆಯೇ. ಹೊಲದ ಕೆಲಸ ಆಗುತ್ತದೆಯೇ. ಜನ ಕೂಡಿದಲ್ಲಿ ಬಂದರೆ ಏನು ಮಾಡುವುದು. ಅವರು ಕೆಟ್ಟವರಲ್ಲ, ಕೇಳಬೇಕಾದದ್ದನ್ನೇ ಕೇಳಿದರು. ವಿಚಾರ ಮಾಡಿ ತಿಳಿಸುತ್ತೇವೆ ಎಂದು ಹೇಳಿ ಹೋದರು.

ಮುಂದಿನ ಕೋಣೆಗೆ ಬಂದೆ. ಅವಳು ಇನ್ನೂ ಕೂತಿದ್ದಳು.

"ಇವ್ರು ಬರಾಂಗಿಲ್ಲ ಬಿಡ್ರಿ ಮಾವಶಿ."

"ಹಂಗ್ಯಾಕ ಅಂತಿ? ವಿಚಾರ ಮಾಡ್ತೇವಿ ಅಂದ್ರಲ್ಲ."

"ಸುರಜಗ ಹೇಳಿದಾಗ ಅಂವ ಮೊದಲ ಕೇಳಿದ್ದು, 'ಬಿದ್ದಾಗ ನಿನಗ ಪೆಟ್ಟ ಆಗ್ತೈತೇನು?' ಅಂತ. ಅದನ್ನ ಇನ್ನ ಯಾರೂ ಕೇಳಿಲ್ರಿ."

ಅಳಲಿಲ್ಲ, ದೂರುವ ಹಾಗೂ ಹೇಳಲಿಲ್ಲ. ಹಾಲಿನ ಗಾಡಿ ಓಡಿಸುವ ಆ ಹುಡುಗನನ್ನು ನಾನು ಕಣ್ಣಿನಿಂದ ನೋಡಿಯೇ ಇಲ್ಲ. ಅವನ ಮನೆಗೆ ಹೋಗಿ ಬಾಳಬೇಕಾದವಳು ನನ್ನ ಮುಂದೆ ಸ್ಟೂಲಿನ ಮೇಲೆ ಕೂತಿದ್ದಳು. ಇದೇ ಕೋಣೆಯಲ್ಲಿ, ನನ್ನ ಕಾಲ ಬುಡದಲ್ಲೇ ಬಿದ್ದಿದ್ದಳು. ನಾನು ತಲೆಯ ಮೇಲೆ ಕೈಯಿಟ್ಟು ಅಷ್ಟೆಲ್ಲ ಬೇಡಿಕೊಂಡೆ, ಇದೊಂದನ್ನು ಕೇಳಲಿಲ್ಲ.

ಈಗ ಕೇಳಿದೆ. "ಪೆಟ್ಟ ಆಗ್ತೈತೇನ ತಂಗಿ?"

"ಆಗ್ತೈತ್ರಿ," ಅಂದಳು ಉಜ್ವಲಾ. "ಆದ್ರ ಆ ಪೆಟ್ಟ ನಾಕ ದಿನಕ್ಕ ಮಾಯ್ತೈತಿ."